ಟ್ರಾವೆಲರ್ ಮನೆಯ ಕೆಲಸ: ಸವೆದದ್ದು ಮುಂದಿನ ಡಿಸ್ಕ್, ಕಾರಣ ಸಿಕ್ಕಿದ್ದು ಹಿಂದೆ

ನಾನು ಮೋಟಾರ್‌ಹೋಮ್, ಅಂದರೆ ಓಡಾಡುವ ಮನೆಯಾಗಿ ಕಟ್ಟುತ್ತಿರುವ ಟ್ರಾವೆಲರ್ ವ್ಯಾನಿನ ಮುಂದಿನ ಎರಡೂ ಬ್ರೇಕ್ ಡಿಸ್ಕ್ ಬದಲಾಗಿವೆ. ಆದರೆ ಅವು ಇಷ್ಟು ಬೇಗ ಯಾಕೆ ಸವೆದವು ಅಂತ ಹುಡುಕುತ್ತಾ ಹೋದರೆ ಹಿಂದಿನ ಆಕ್ಸಲ್‌ವರೆಗೂ ಹೋಗಬೇಕಾಯಿತು. ಅಡುಗೆ ಕಟ್ಟೆ, ಸೋಲಾರ್ ವೈರಿಂಗ್ ಎಲ್ಲ ಸದ್ಯಕ್ಕೆ ನಿಂತಿವೆ. ಬ್ರೇಕ್ ಸರಿಹೋಗುವವರೆಗೆ ಒಳಗಿನ ಕೆಲಸಕ್ಕೆ ಕೈ ಹಾಕುವುದಿಲ್ಲ.

ಗಾಡಿ ಹಳೆಯ ಫೋರ್ಸ್ ಟ್ರಾವೆಲರ್, ಮುಂದೆ ಡಿಸ್ಕ್, ಹಿಂದೆ ಡ್ರಮ್. ಮಲಗುವ ಕೋಣೆ, ನೀರಿನ ಟ್ಯಾಂಕ್, ಬ್ಯಾಟರಿ ಎಲ್ಲ ಸೇರಿ ಈಗ ಮೂರೂವರೆ ಟನ್ ಆಸುಪಾಸು ತೂಗುತ್ತದೆ. ಪುಣೆಯಲ್ಲಿ ಇದರ ಬಿಡಿಭಾಗಕ್ಕೆ ಪರದಾಡಬೇಕಿಲ್ಲ. ನಾನಾ ಪೇಠದಲ್ಲಿ ನಾಲ್ಕು ಅಂಗಡಿ ಸುತ್ತಿದರೆ ಸಿಗುತ್ತದೆ.

ತೊಂದರೆ ಎದ್ದು ಕಂಡದ್ದು ಗೋವಾಕ್ಕೆ ಹೋಗುವಾಗ, ಆಂಬೋಲಿ ಘಾಟಿನಲ್ಲಿ. ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತಿತ್ತು, ಪೆಡಲ್ ಪಾದಕ್ಕೆ ಒದೆಯುತ್ತಿತ್ತು. ಆಂಬೋಲಿ ಇರುವುದು ಸುಮಾರು 690 ಮೀಟರ್ ಎತ್ತರದಲ್ಲಿ. ಅಲ್ಲಿಂದ ಸಾವಂತವಾಡಿ ಕಡೆಗೆ 500 ಮೀಟರ್‌ಗೂ ಜಾಸ್ತಿ ಇಳಿಯಬೇಕು. ಮೂರೂವರೆ ಟನ್ ಗಾಡಿಯನ್ನು ಅಷ್ಟು ಕೆಳಗೆ ಬರೀ ಬ್ರೇಕ್ ಮೇಲೆ ಇಳಿಸಿದರೆ ಹುಟ್ಟುವ ಶಾಖದಲ್ಲಿ ಐವತ್ತು ಲೀಟರ್ ನೀರು ಕುದಿಯುತ್ತದೆ. ಅದಕ್ಕೇ ಎರಡನೇ ಗೇರು, ಕೆಲವು ತಿರುವುಗಳಲ್ಲಿ ಮೊದಲನೆಯದು. ಆ ಶಾಖದ ದೊಡ್ಡ ಪಾಲನ್ನು ಎಂಜಿನ್ನೇ ನುಂಗಲಿ.

ಪೆಡಲ್ ನಡುಗಿದರೆ ಎಲ್ಲರೂ ಹೇಳುವುದು ಒಂದೇ: ಡಿಸ್ಕ್ ಬೆಂಡ್ ಆಗಿದೆ. ನಿಜಕ್ಕೂ ಡಿಸ್ಕ್ ಬಗ್ಗುವುದು ಅಪರೂಪ. ಅದರ ದಪ್ಪ ಸುತ್ತಲೂ ಒಂದೇ ಸಮ ಇರುವುದಿಲ್ಲ, ಅಷ್ಟೇ. ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ವ್ಯತ್ಯಾಸ ಬಂದರೂ ಕಾಲಿಗೆ ಗೊತ್ತಾಗಬಹುದು. ಇದನ್ನು ಅಳೆಯಲು ಮೈಕ್ರೋಮೀಟರೇ ಬೇಕು. ವರ್ನಿಯರ್ ಇಟ್ಟರೆ ಅಂಚಿನಲ್ಲಿ ಸವೆಯದೆ ಉಳಿದ ಏಣು ಸಿಕ್ಕಿಕೊಂಡು ಡಿಸ್ಕ್ ದಪ್ಪಗಿದೆ ಅಂತ ತೋರಿಸಿಬಿಡುತ್ತದೆ. ನಾನು ಅಂಚಿನಿಂದ ಒಳಗೆ, ಸುತ್ತಲೂ ಎಂಟು ಕಡೆ ಅಳೆದೆ. ಎಡ ಡಿಸ್ಕಿನ ತೀರಾ ತೆಳುವಾದ ಜಾಗ, ಡಿಸ್ಕ್ ಮೇಲೆ ಅಚ್ಚಾಗಿರುವ ಕನಿಷ್ಠ ದಪ್ಪಕ್ಕಿಂತ 0.4 ಮಿಮೀ ಮಾತ್ರ ಮೇಲಿತ್ತು. ಬಲಗಡೆಯದು ಸ್ವಲ್ಪ ಪರವಾಗಿಲ್ಲ.

ಭೋಸರಿಯಲ್ಲಿ ನಾನು ಹೋಗುವ ಲೇಥ್ ಶಾಪಿನವರು ಇಂಡಿ ಕಡೆಯವರು. ಡಿಸ್ಕ್ ಹೆರೆದು ಸಮ ಮಾಡಿಸೋಣ ಅಂತ ಒಯ್ದರೆ, ಕೈಯಲ್ಲಿ ತಿರುಗಿಸಿ ನೋಡಿದರು. "ಇದನ್ನ ಹೆರೆದ್ರ ಉಳಿಯೂದು ಏನೂ ಇಲ್ರಿ ಸರ್. ಹೊಸಾವ ಹಾಕ್ರಿ, ಎರಡೂ ಕಡೆ" ಅಂದರು. ಕೆಲಸ ತಗೊಂಡು ದುಡ್ಡು ಎಣಿಸಬಹುದಿತ್ತು, ಬೇಡ ಅಂದರು. ಇಂಥವರ ಮಾತು ನಂಬಬೇಕು.

ಹೊಸ ಡಿಸ್ಕ್ ಕೂರಿಸುವಾಗ, ಅದು ಎಷ್ಟು ಓಲಾಡುತ್ತದೆ ಅಂತ ಅಳೆಯುವ ಡಯಲ್ ಗೇಜ್ ಇಟ್ಟೆ. ಗಾಲಿ ನಿಧಾನ ತಿರುಗಿಸಿದರೆ ಮುಳ್ಳು 0.12 ಮಿಮೀ ಓಲಾಡಿತು. ಡಿಸ್ಕ್ ಹೊಸದು, ಬೇರಿಂಗ್ ಬಿಗಿಯಾಗೇ ಇದೆ, ಹಾಗಾದರೆ ಕೊಳೆ ಇರುವುದು ನಡುವೆ. ಡಿಸ್ಕ್ ಬಿಚ್ಚಿ ಅದು ಕೂರುವ ಹಬ್‌ನ (ಗಾಲಿಯ ಗುಂಬದ) ಮುಖ ನೋಡಿದೆ. ಬೋಲ್ಟ್ ತೂತುಗಳ ಪಕ್ಕದಲ್ಲಿ ಚಕ್ಕೆ ಚಕ್ಕೆಯಾಗಿ ತುಕ್ಕು, ಬೆರಳಾಡಿಸಿದರೆ ಉಗುರಿಗೆ ತಾಕುವಷ್ಟು. ಹಬ್‌ನಲ್ಲಿ ಕೂದಲೆಳೆಯಷ್ಟು ಉಬ್ಬಿದ್ದರೆ ಡಿಸ್ಕಿನ ಅಂಚಿಗೆ ಬರುವಷ್ಟರಲ್ಲಿ ಅದು ಇನ್ನೂ ದೊಡ್ಡದಾಗುತ್ತದೆ. ವೈರ್ ಬ್ರಷ್, ಮೇಲೆ ಎಮರಿ ಹಾಳೆ, ಬಟ್ಟೆಯಲ್ಲಿ ಒರೆಸಿ ಮತ್ತೆ ಕೂರಿಸಿದೆ. ಮುಳ್ಳು 0.04ಕ್ಕೆ ಇಳಿಯಿತು. ಹೊಸ ಡಿಸ್ಕ್ ಹಾಕಿಸಿಕೊಂಡವರಿಗೆ ಕೆಲವೇ ತಿಂಗಳಲ್ಲಿ ನಡುಕ ವಾಪಸ್ ಬರುವುದಕ್ಕೆ ಈ ತುಕ್ಕೂ ಒಂದು ಕಾರಣ.

ಎಡಗಡೆ ಒಳಪ್ಯಾಡ್ ಹೊರಗಿನದಕ್ಕಿಂತ ಜಾಸ್ತಿ ಸವೆದಿತ್ತು. ಕಾರಣ, ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್‌ನಲ್ಲಿ ಗ್ರೀಸ್ ಒಣಗಿ ಅಂಟಾಗಿತ್ತು. ತೊಳೆದು ಸಿಲಿಕೋನ್ ಗ್ರೀಸ್ ಹಾಕಿದೆ, ರಬ್ಬರ್ ಬೂಟು ಬದಲಾಯಿಸಿದೆ.

ಇಷ್ಟಾದರೂ ಬಲಗಡೆ ಡಿಸ್ಕ್ ಸವೆದದ್ದಕ್ಕೆ ಉತ್ತರ ಸಿಕ್ಕಿರಲಿಲ್ಲ. ಅಲ್ಲಿ ಪಿನ್ ಚೆನ್ನಾಗೇ ಜಾರುತ್ತಿತ್ತು. ಹಿಂದಿನ ಡ್ರಮ್ ಬಿಚ್ಚಿದರೆ ಲೈನಿಂಗ್ (ಡ್ರಮ್ಮಿಗೆ ಉಜ್ಜಿ ಸವೆಯುವ ಪಟ್ಟಿ) ಹೆಚ್ಚುಕಮ್ಮಿ ಹೊಸದರ ಹಾಗಿದೆ! ಅಂದರೆ ಹಿಂದಿನ ಬ್ರೇಕ್ ಕೆಲಸವನ್ನೇ ಮಾಡುತ್ತಿಲ್ಲ, ಹೊರೆಯೆಲ್ಲ ಮುಂದಿನವುಗಳ ಮೇಲೆ.

ನನ್ನ ಗಾಡಿಯಲ್ಲಿ ಹಿಂದಿನ ಬ್ರೇಕಿಗೆ ಲೋಡ್ ಸೆನ್ಸಿಂಗ್ ವಾಲ್ವ್, ಅಂದರೆ ಭಾರ ನೋಡಿ ಒತ್ತಡ ಹೊಂದಿಸುವ ವಾಲ್ವ್ ಇದೆ. ವಾಲ್ವ್ ಚಾಸಿಸ್ ಮೇಲೆ, ಅದರಿಂದ ಒಂದು ಕಡ್ಡಿ ಆಕ್ಸಲ್‌ಗೆ. ಭಾರ ಹಾಕಿದರೆ ಚಾಸಿಸ್ ತಗ್ಗುತ್ತದೆ, ಕಡ್ಡಿ ವಾಲ್ವನ್ನು ತಿರುಗಿಸುತ್ತದೆ, ಹಿಂದಿನ ಬ್ರೇಕಿಗೆ ಒತ್ತಡ ಜಾಸ್ತಿ ಸಿಗುತ್ತದೆ. ಗಾಡಿ ಖಾಲಿ ಇದ್ದರೆ ಹಿಂದಿನ ಗಾಲಿ ಲಾಕ್ ಆಗಿ ಜಾರಬಾರದು ಅಂತ ಒತ್ತಡ ತಗ್ಗಿಸುತ್ತದೆ. ಮೊದಲಿನ ಮಾಲೀಕರು ಹಿಂದಿನ ಪಾಟಾಕ್ಕೆ (ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಸ್ಪ್ರಿಂಗ್) ಒಂದು ಎಲೆ ಹೆಚ್ಚಿಗೆ ಹಾಕಿಸಿದ್ದರು. ಅದರಿಂದ ಹಿಂಭಾಗ ಭಾರ ಹೊತ್ತರೂ ಎತ್ತರದಲ್ಲೇ ನಿಲ್ಲುತ್ತಿತ್ತು. ಪಾಪ, ವಾಲ್ವ್ ಗಾಡಿ ಖಾಲಿ ಇದೆ ಅಂತಲೇ ತಿಳಿದಿತ್ತು.

ಎಲೆ ತೆಗೆಯುವ ಮೊದಲು ತೂಕ ನೋಡಲೇಬೇಕಲ್ವಾ? ನೀರು ಡೀಸೆಲ್ ತುಂಬಿಸಿ, ಸಾಮಾನೆಲ್ಲ ಹೇರಿ ಗಾಡಿ ತೂಗುವ ಕಾಟಾಗೆ ಒಯ್ದೆ. ಮೊದಲು ಮುಂದಿನ ಗಾಲಿ ಮಾತ್ರ ಹತ್ತಿಸಿ, ಆಮೇಲೆ ಪೂರ್ತಿ, ಕೊನೆಗೆ ಹಿಂದಿನವು ಮಾತ್ರ. ಮೋಟಾರ್‌ಹೋಮ್ ಕಟ್ಟುವವರು ಒಟ್ಟು ತೂಕ ಒಂದೇ ನೋಡಿ ಬರಬೇಡಿ, ಆಕ್ಸಲ್ ಲೆಕ್ಕ ಬೇರೆಯೇ ಇರುತ್ತದೆ. ನನ್ನ ಹಿಂದಿನ ಆಕ್ಸಲ್ ಮಿತಿಯೊಳಗೇ ಇತ್ತು. ಹೆಚ್ಚುವರಿ ಎಲೆ ಸುಮ್ನೆ ಕೂತಿತ್ತು. ತೆಗೆಸಿದೆ, ಬುಶ್ ಹೊಸದು ಹಾಕಿಸಿದೆ. ವಾಲ್ವನ್ನು ನಾನೇ ಮುಟ್ಟಲಿಲ್ಲ. ಪ್ರೆಶರ್ ಗೇಜ್ ಇಟ್ಟು ಅಳೆದು ಕಡ್ಡಿ ಹೊಂದಿಸುವ ವರ್ಕ್‌ಶಾಪಿನಲ್ಲೇ ಮಾಡಿಸಿದೆ. ಇದನ್ನು ಕಣ್ಣಳತೆಯಲ್ಲಿ ಮಾಡುವವರ ಹತ್ತಿರ ಗಾಡಿ ಬಿಡಬೇಡಿ.

ಹೊಸ ಪ್ಯಾಡ್ ಡಿಸ್ಕಿಗೆ ಸರಿಯಾಗಿ ಹೊಂದಿಕೊಳ್ಳಲಿ ಅಂತ ನಸುಕಿನಲ್ಲಿ ಮೋಶಿ ಕಡೆ ಹೋಗಿದ್ದೆ. ಐವತ್ತರ ವೇಗದಿಂದ ಹತ್ತಕ್ಕೆ ಇಳಿಸುವುದು, ತಣ್ಣಗಾಗಲು ಸ್ವಲ್ಪ ಓಡಿಸುವುದು, ಮತ್ತೆ ಅದೇ. ಬಿಸಿ ಇದ್ದಾಗ ಪೆಡಲ್ ಒತ್ತಿ ಹಿಡಿದು ನಿಲ್ಲಿಸಲಿಲ್ಲ. ಹಾಗೆ ಮಾಡಿದರೆ ಪ್ಯಾಡಿನ ಗುರುತು ಡಿಸ್ಕ್ ಮೇಲೆ ಕೂತುಬಿಡುತ್ತದೆ. ನಡುಕ ಹೋಗಿದೆ. ಬ್ರೇಕ್ ಒತ್ತಿದರೆ ಮೂತಿ ಮೊದಲಿನಷ್ಟು ತಗ್ಗುವುದೂ ಇಲ್ಲ.

ಮುಂದಿನ ವಾರ ಬ್ರೇಕ್ ಆಯಿಲ್. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕೊಂಕಣದ ಮಳೆಗಾಲ ಕಂಡ ಗಾಡಿಗೆ ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಜೊತೆಗೆ ಹಿಂದಿನ ಆಕ್ಸಲ್ ಮೇಲಿನ ಬ್ರೇಕ್ ಪೈಪಿನಲ್ಲಿ, ಕ್ಲಿಪ್ಪಿನ ಅಡಿಯಲ್ಲಿ ಕೆಂಪು ಮಣ್ಣು ಕೂತು ತುಕ್ಕು ಶುರುವಾಗಿದೆ. ಆ ತುಂಡನ್ನೂ ಅದೇ ದಿನ ಬದಲಾಯಿಸುತ್ತೇನೆ.