ಹೊಳವಾದ ದಿನ ಸುಣ್ಣದ ವ್ಯಾಪಾರ

ಪುನರ್ವಸು ಮಳೆಯ ನಡುವೆ ಒಂದು ದಿನ ಮಳೆ ಬಿಟ್ಟು ಹೊಳವಾಯಿತೆಂದರೆ ತೀರ್ಥಹಳ್ಳಿ ಪೇಟೆಯ ನಮ್ಮಂಥ ಗೊಬ್ಬರ, ಔಷಧಿ ಅಂಗಡಿಯವರಿಗೆ ಕಾಫಿ ಕುಡಿಯಲೂ ಪುರುಸೊತ್ತಿರುವುದಿಲ್ಲ. ಜೂನ್ ಮೊದಲ ವಾರ ಅಡಿಕೆಗೆ ಬೋರ್ಡೋ (ಮೈಲುತುತ್ತ ಎಂಬ ತಾಮ್ರದ ಸಲ್ಫೇಟ್ ಮತ್ತು ಸುಣ್ಣ ಬೆರೆಸಿ ಮಾಡುವ, ಕಾಯಿ ಕೊಳೆಸುವ ಕೊಳೆರೋಗದ ಔಷಧಿ) ಹೊಡೆಸಿದವರಿಗೆ 40–45 ದಿನಕ್ಕೆ ಎರಡನೇ ಸಲ ಬರುತ್ತದೆ. ಅಂದರೆ ಜುಲೈ ನಡುವೆ, ಮಳೆ ಕಣ್ಣು ಬಿಡದಂತೆ ಸುರಿಯುವ ಹೊತ್ತಿಗೇ. ವಾರಗಟ್ಟಲೆ ಆಕಾಶ ನೋಡುತ್ತ ಕೂತವರೆಲ್ಲ ಬಿಸಿಲು ಕಂಡ ಬೆಳಿಗ್ಗೆ ಒಟ್ಟಿಗೇ ಇಳಿದು ಬರುತ್ತಾರೆ. ಮೇಗರವಳ್ಳಿ, ಗುಡ್ಡೇಕೇರಿ ಕಡೆಯವರು, ಆರಗದವರು, ಕೋಣಂದೂರಿನವರು. ಜೀಪು, ಓಮ್ನಿ, ಬೈಕಿನ ಹಿಂದೆ ಕಟ್ಟಿದ ಖಾಲಿ ಡ್ರಮ್ಮು. ಮರ ಹತ್ತಿ ಹೊಡೆಯುವ ಕೊನೆಗಾರ ತೋಟದಲ್ಲಿ ಕಾಯುತ್ತಿರುತ್ತಾನೆ, ಮಧ್ಯಾಹ್ನಕ್ಕೆ ಮತ್ತೆ ಮೋಡ ಕಟ್ಟುತ್ತದೋ ಏನೋ. ಎಲ್ಲರದ್ದೂ ಒಂದೇ ಪ್ರಶ್ನೆ: ‘ತುತ್ತ ಕೆಜಿಗೆ ಎಷ್ಟಾಗಿದೆ?’

ಸುಣ್ಣ ಹೇಗಿದೆ ಎಂದು ಕೇಳುವವರು ಕಮ್ಮಿ. ಅಂಗಡಿಯಲ್ಲಿ ಅದರಷ್ಟು ಅಗ್ಗದ ಸಾಮಾನು ಇನ್ನೊಂದಿಲ್ಲ, ಮೂಲೆಯಲ್ಲಿ ಬಿದ್ದಿರುತ್ತದೆ, ಮುಟ್ಟಿದರೆ ಕೈಯೆಲ್ಲ ಒರಟು. ಆದರೆ ಬೋರ್ಡೋ ಹೊಡೆದರೂ ಕೊಳೆ ಬಂತು ಎಂದು ಬರುವ ದೂರುಗಳ ಬೆನ್ನು ಹತ್ತಿ ಹೋದರೆ ಹೆಚ್ಚಿನವು ಆ ಮೂಲೆಗೇ ಹೋಗಿ ನಿಲ್ಲುತ್ತವೆ.

ಮೈಲುತುತ್ತದ ವಿಷಯದಲ್ಲಿ ದೊಡ್ಡ ತಲೆಬಿಸಿ ಇಲ್ಲ. ಗಾಢ ನೀಲಿ ಬಣ್ಣ, ಚೂಪು ಅಂಚಿನ ಹರಳು ಇದ್ದರೆ ಸಾಕು. ಹಸಿರು ಛಾಯೆ ಕಂಡರೆ ಕಬ್ಬಿಣದ ಸಲ್ಫೇಟ್ ಬೆರೆಸಿದ ಅನುಮಾನ ಪಡಬೇಕು. ಒಂದು ಹರಳನ್ನು ಗಾಜಿನ ಲೋಟದಲ್ಲಿ ಕರಗಿಸಿ ಸುಣ್ಣದ ನೀರು ಬಿಟ್ಟರೆ ಆಕಾಶದ ನೀಲಿ ಬರಬೇಕು. ಹಸಿರಿಗೆ ತಿರುಗಿ ಸ್ವಲ್ಪ ಹೊತ್ತಿಗೆ ತುಕ್ಕಿನ ಬಣ್ಣ ಬಂದರೆ ಆ ಚೀಲ ವಾಪಸ್. ಬೇಸಿಗೆಯಲ್ಲಿ ಹರಳಿನ ಮೇಲೆ ಬೆಳ್ಳಗೆ ಪುಡಿ ಕೂತಿದ್ದರೆ ಹೆದರುವುದು ಬೇಡ, ಹರಳಿನೊಳಗಿನ ನೀರು ಆರಿದೆ ಅಷ್ಟೆ. ಒಳ್ಳೆಯ ತುತ್ತದಲ್ಲಿ ತಾಮ್ರ ಶೇಕಡಾ 25ರ ಆಸುಪಾಸು ಇರುತ್ತದೆ, ಒಣಗಿದ ಜಾಗದಲ್ಲಿಟ್ಟರೆ ವರ್ಷ ಕಳೆದರೂ ಕೆಡುವುದಿಲ್ಲ. ಅದಕ್ಕೇ ಅಂಗಡಿಯವರು ಮಾರ್ಚ್, ಏಪ್ರಿಲ್‌ನಲ್ಲೇ ಲೋಡು ಇಳಿಸಿ ನಿಶ್ಚಿಂತೆಯಾಗಿರುವುದು.

ಸುಣ್ಣಕ್ಕೆ ಆ ಭಾಗ್ಯ ಇಲ್ಲ. ಬೋರ್ಡೋಗೆ ಬೇಕಾದದ್ದು ಸುಟ್ಟ ಸುಣ್ಣ, ಅಂದರೆ ನೀರು ಕಾಣದ ಗಟ್ಟಿ ಸುಣ್ಣ. ಸುಡುವ ಗೂಡಿನಿಂದ ತೆಗೆದ ದಿನದಿಂದಲೇ ಅದು ಗಾಳಿಯ ತೇವ ಕುಡಿಯುತ್ತದೆ. ಮಲೆನಾಡಿನ ಜುಲೈ ತಿಂಗಳ ಗಾಳಿಯಲ್ಲಿ ತೇವಕ್ಕೇನು ಬರ! ಮೊದಲು ಗಟ್ಟಿ ಒಡೆದು ಪುಡಿಯಾಗುತ್ತದೆ, ಚೀಲ ಉಬ್ಬಿ ಹೊಲಿಗೆ ಬಿಚ್ಚುತ್ತದೆ. ಅಲ್ಲಿಯವರೆಗೂ ಪರವಾಗಿಲ್ಲ, ಕೆಲಸಕ್ಕೆ ಬರುತ್ತದೆ. ಆಮೇಲೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಸೇರಿ ಸೀಮೆಸುಣ್ಣದ ಜಾತಿಗೆ ಸೇರುತ್ತದೆ. ನೋಡಲು ಅದೇ ಬಿಳುಪು, ಅದೇ ನುಣುಪು, ಆದರೆ ಸತ್ತ ಸುಣ್ಣ. ಅದನ್ನು ಹಾಕಿದರೆ ತುತ್ತದ ಹುಳಿ ಮುರಿಯುವುದಿಲ್ಲ.

ನೋಡಿ ಕೊಳ್ಳುವುದು ಕಷ್ಟವಲ್ಲ. ಗಟ್ಟಿ ಕೈಗೆತ್ತಿಕೊಂಡರೆ ಗಾತ್ರಕ್ಕೆ ಹಗುರವಿರಬೇಕು. ತಗಡಿನ ಡಬ್ಬಿಯಲ್ಲಿ ಮುಷ್ಟಿಯಷ್ಟು ಗಟ್ಟಿ ಇಟ್ಟು, ಅದು ಅರ್ಧ ಮುಳುಗುವಷ್ಟು ನೀರು ಬಿಟ್ಟು ಕಾಯಬೇಕು. ಮೊದಲು ಏನೂ ಆಗುವುದಿಲ್ಲ, ನೀರು ಸದ್ದಿಲ್ಲದೆ ಇಂಗುತ್ತದೆ. ಆಮೇಲೆ ಒಂದು ಸಣ್ಣ ಚಟ್ ಎಂಬ ಸದ್ದು, ಗಟ್ಟಿಯ ಮೈಮೇಲೆ ಕೂದಲೆಳೆಯ ಬಿರುಕು. ಬಿರುಕಿನಿಂದ ಹಬೆ ಏಳುತ್ತದೆ, ಅಂಚುಗಳು ಹೂವಿನಂತೆ ಬಿಚ್ಚಿ ಉದುರುತ್ತವೆ, ಡಬ್ಬಿ ಕೈಯಲ್ಲಿ ಹಿಡಿಯಲಾಗದಷ್ಟು ಕಾಯುತ್ತದೆ. ಐದು ಹತ್ತು ನಿಮಿಷದಲ್ಲಿ ಇಷ್ಟೆಲ್ಲ ಆದರೆ ಸುಣ್ಣ ಜೀವಂತ. ಅರ್ಧ ಗಂಟೆಯಾದರೂ ತಣ್ಣಗೆ ಕೂತಿದ್ದರೆ ಮನೆಗೆ ಒಯ್ಯುವುದು ಬೇಡ. ಪುಡಿಯಾದ ಸುಣ್ಣವಾದರೆ ಅದನ್ನು ನೀರಲ್ಲಿ ಕಲಸಿ ತಣ್ಣಗಾದ ಮೇಲೆ ನಾಲ್ಕು ಹನಿ ನಿಂಬೆರಸ ಬಿಡಬೇಕು. ಬುಸಬುಸನೆ ಗುಳ್ಳೆ ಎದ್ದರೆ ಅರ್ಧ ಸತ್ತಿದೆ ಎಂದೇ ಲೆಕ್ಕ.

ಅಳತೆ ಎಲ್ಲರಿಗೂ ಬಾಯಿಪಾಠ. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಇನ್ನೂರು ಲೀಟರಿನ ಡ್ರಮ್ಮಿಗೆ ಎರಡೆರಡು ಕೆಜಿ. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 550 ಮರ. ಮರಕ್ಕೆ ಒಂದು ಲೀಟರಿನ ಮೇಲೆ ಹಿಡಿದರೆ ಆರು ನೂರು ಲೀಟರ್ ಆಯಿತು, ಆರಾರು ಕೆಜಿ ಕಟ್ಟಿಕೊಡುತ್ತೇನೆ. ಆದರೆ ಈ ಒಂದಕ್ಕೊಂದು ಎಂಬ ಲೆಕ್ಕದಲ್ಲಿ ಒಂದು ಗುಟ್ಟಿದೆ. ಒಂದು ಕೆಜಿ ತುತ್ತದ ಹುಳಿ ಮುರಿಯಲು ಅಪ್ಪಟ ಸುಟ್ಟ ಸುಣ್ಣ 225 ಗ್ರಾಂ ಇದ್ದರೂ ಸಾಕು. ಒಂದು ಕೆಜಿ ಹಾಕಿ ಎನ್ನುವುದು ಪೇಟೆಯ ಸುಣ್ಣದಲ್ಲಿ ಕಲ್ಲೆಷ್ಟು, ಬೂದಿಯೆಷ್ಟು, ಸತ್ತದ್ದೆಷ್ಟು ಎಂಬ ಭರವಸೆ ಇಲ್ಲದ್ದಕ್ಕೆ, ಜೊತೆಗೆ ದ್ರಾವಣ ತುಸು ಕ್ಷಾರದ ಕಡೆಗೇ ಇರಲಿ ಎಂದು. ಹಾಗಾಗಿ ತಕ್ಕಡಿಗಿಂತ ಪರೀಕ್ಷೆ ಮುಖ್ಯ. ಸುಣ್ಣ ತೀರಾ ಹೆಚ್ಚಾದರೆ ನಾಜಲ್ ಕಟ್ಟುತ್ತದೆ, ತಾಮ್ರದ ಕೆಲಸವೂ ನಿಧಾನವಾಗುತ್ತದೆ. ಕಮ್ಮಿಯಾದರೆ ಸುಣ್ಣದೊಂದಿಗೆ ಕೂಡದೆ ಉಳಿದ ತಾಮ್ರ ಹಿಂಗಾರ (ಅಡಿಕೆಯ ಹೂಗೊಂಚಲು), ಎಳೆಕಾಯಿ, ಎಲೆ ಎಲ್ಲವನ್ನೂ ಸುಡುತ್ತದೆ. ಪ್ಯಾಕೆಟ್ಟಿನಲ್ಲಿ ಬರುವ, ಮೊದಲೇ ನೀರು ಹಾಕಿ ಅರಳಿಸಿದ ಸುಣ್ಣದ ಪುಡಿ ಕೊಂಡವರು ಗಟ್ಟಿ ಸುಣ್ಣದ ತೂಕಕ್ಕಿಂತ ಮೂರನೇ ಒಂದು ಪಾಲು ಜಾಸ್ತಿ ಹಾಕಬೇಕು, ಅದರಲ್ಲಿ ನೀರಿನ ತೂಕವೂ ಸೇರಿದೆ. ಇದನ್ನು ಪ್ಯಾಕೆಟ್ಟಿನ ಮೇಲೆ ಯಾರೂ ಬರೆದಿರುವುದಿಲ್ಲ.

ಹತ್ತೂವರೆ ಹನ್ನೊಂದಕ್ಕೆ ಗಿರಾಕಿ ಕಮ್ಮಿಯಾಗಿ ಫೋನು ಶುರುವಾಗುತ್ತದೆ. ತೋಟದಿಂದಲೇ ಮಾಡುತ್ತಾರೆ, ಹಿಂದೆ ಪಂಪಿನ ಗಡಗಡ ಕೇಳುತ್ತಿರುತ್ತದೆ. ‘ಔಷಧಿ ಕಪ್ಪಾಯಿತಲ್ಲ?’ ಇದು ಸುಣ್ಣ ಬಿಸಿ ಇರುವಾಗಲೇ ತುತ್ತ ಸುರಿದವರ ಪ್ರಶ್ನೆ. ಬಿಸಿಗೆ ತಾಮ್ರದ ಹೈಡ್ರಾಕ್ಸೈಡ್ ಒಡೆದು ಕರಿ ಆಕ್ಸೈಡ್ ಆಗುತ್ತದೆ, ಎಲೆಗೆ ಅಂಟುವುದಿಲ್ಲ. ಅದನ್ನು ಸರಿಮಾಡುವ ದಾರಿಯಿಲ್ಲ, ಚೆಲ್ಲಬೇಕು. ಸುಣ್ಣ ಹಿಂದಿನ ರಾತ್ರಿಯೇ ಅರಳಿಸಿ ತಣಿಸಬೇಕು. ಅದೂ ಒಮ್ಮೆಲೇ ಕೊಡಗಟ್ಟಲೆ ನೀರು ಸುರಿದು ಅಲ್ಲ. ಹಾಗೆ ಮುಳುಗಿಸಿದರೆ ಕಾವು ಏರದೆ ಗಟ್ಟಿ ಒಳಗೊಳಗೇ ಹಾಗೆ ಉಳಿಯುತ್ತದೆ. ಸ್ವಲ್ಪ ಸ್ವಲ್ಪ ನೀರು, ಬಿರಿದಂತೆ ಮತ್ತೆ ಸ್ವಲ್ಪ, ಕೊನೆಗೆ ಹಾಲಿನ ಹದ. ಇದಕ್ಕೆ ಕಬ್ಬಿಣದ ಬಾಣಲೆ ಆಗುತ್ತದೆ, ತೆಳು ಪ್ಲಾಸ್ಟಿಕ್ ಬಕೆಟ್ ಆಗದು, ಕಾವಿಗೆ ಮೆತ್ತಗಾಗಿ ಬಾಯಿ ಬಿಡುತ್ತದೆ. ತುತ್ತಕ್ಕೆ ಇದರ ತದ್ವಿರುದ್ಧ: ಪ್ಲಾಸ್ಟಿಕ್ ಡ್ರಮ್ಮೇ ಬೇಕು, ಕಬ್ಬಿಣಕ್ಕಾದರೆ ತಾಮ್ರ ಹೋಗಿ ಡ್ರಮ್ಮಿನ ಗೋಡೆಗೆ ಕೂರುತ್ತದೆ. ಹರಳನ್ನು ತಳಕ್ಕೆ ಸುರಿದು ಕೋಲಾಡಿಸುವ ಬದಲು ಬಟ್ಟೆಗಂಟು ಕಟ್ಟಿ ನೀರಿನ ಮೇಲ್ಭಾಗಕ್ಕೆ ಇಳಿಬಿಡಬೇಕು. ಕರಗಿದ ಭಾರದ ನೀರು ತಾನಾಗಿ ಕೆಳಗಿಳಿಯುತ್ತದೆ, ಬೆಳಗಾಗುವುದರೊಳಗೆ ಗಂಟು ಖಾಲಿ.

‘ನಾಜಲ್ ಕಟ್ಟುತ್ತಿದೆ’ ಎಂಬುದು ಎರಡನೇ ಫೋನು. ಸೋಸಿದಿರಾ ಎಂದರೆ ಆ ಕಡೆ ಮೌನ. ಸುಣ್ಣದ ಹಾಲನ್ನು ನೈಲಾನ್ ಜಾಲರಿಯಲ್ಲೋ ಹಳೇ ಪಂಚೆಯಲ್ಲೋ ಸೋಸದಿದ್ದರೆ ಮರಳಿನಂಥ ಕಣ ನೇರ ನಾಜಲಿಗೆ ಹೋಗುತ್ತದೆ, ಪಂಪಿನ ವಾಷರನ್ನೂ ತಿನ್ನುತ್ತದೆ. ಹೊಳವಾದ ದಿನ ನನ್ನಲ್ಲಿ ವಾಷರು, ನಾಜಲ್ ಡಿಸ್ಕು ಖರ್ಚಾಗುವುದು ಹೀಗೆ. ಸೋಸುವ ಬಟ್ಟೆ ಮನೆಯಲ್ಲೇ ಇರುತ್ತದೆ, ಪುಕ್ಕಟೆ.

ಬೆರೆಸುವ ಕ್ರಮ ತಪ್ಪುವವರೂ ಇದ್ದಾರೆ. ಐವತ್ತು ಲೀಟರ್ ಸುಣ್ಣದ ಹಾಲು ಕಲಕುತ್ತ ಇರುವಾಗ ಅದಕ್ಕೆ ಐವತ್ತು ಲೀಟರ್ ತುತ್ತದ ನೀರು ನಿಧಾನ ಬೀಳಬೇಕು. ಎರಡನ್ನೂ ಏಕಕಾಲಕ್ಕೆ ಮೂರನೇ ಪಾತ್ರೆಗೆ ಸುರಿದರೆ ಇನ್ನೂ ಒಳ್ಳೆಯದು. ತುತ್ತಕ್ಕೆ ಸುಣ್ಣ ಸುರಿದರೆ ಮೊದಲಿಗೆಲ್ಲ ಹುಳಿಯಲ್ಲೇ ಕಣ ಕಟ್ಟಿ ದಪ್ಪವಾಗುತ್ತದೆ, ಬೇಗ ತಳ ಸೇರುತ್ತದೆ. ಮಾಡಿದ್ದನ್ನು ಅವತ್ತೇ ಮುಗಿಸಬೇಕು. ಹೊಸದಾಗಿ ಕೂಡಿದ ತಾಮ್ರ ಗಂಜಿಯಂತಿದ್ದು ಎಲೆಗೆ ಪೊರೆ ಕಟ್ಟುತ್ತದೆ, ರಾತ್ರಿ ಕಳೆದರೆ ಹರಳುಗಟ್ಟಿ ಅಂಟು ಹೋಗುತ್ತದೆ. ಮಳೆ ಬಂತೆಂದು ಮುಚ್ಚಿಟ್ಟು ಮರುದಿನ ಹೊಡೆದರೆ ಕೂಲಿಯೂ ದಂಡ.

ಪರೀಕ್ಷೆಗೆ ಹಳಬರು ಕತ್ತಿ ಅದ್ದುತ್ತಿದ್ದರು, ಈಗಲೂ ಅದೇ ಸಾಕು. ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಕೂಡದೆ ಉಳಿದಿದೆ, ಸುಣ್ಣದ ನೀರು ಇನ್ನಷ್ಟು ಬೇಕು. ಆದರೆ ಈಗಿನ ಮನೆಗಳಲ್ಲಿ ಇರುವುದೆಲ್ಲ ಸ್ಟೀಲ್ ಚಾಕು, ಅದು ಹುಳಿ ದ್ರಾವಣದಲ್ಲೂ ಥಳಥಳ ಹೊಳೆಯುತ್ತಲೇ ಇರುತ್ತದೆ. ‘ಚಾಕು ಅದ್ದಿ ನೋಡಿದೆ, ಏನೂ ಆಗಲಿಲ್ಲ’ ಎಂದವರ ತೋಟದಲ್ಲೇ ಎಲೆ ಸುಟ್ಟಿರುತ್ತದೆ. ಸತು ಲೇಪಿಸಿದ ಮೊಳೆಯೂ ಬೇಡ, ಕಪ್ಪಾಗಿ ದಾರಿ ತಪ್ಪಿಸುತ್ತದೆ. ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ಅಪ್ಪಟ ಕಬ್ಬಿಣದ ಕತ್ತಿಯೇ ಆಗಬೇಕು, ಒಂದೆರಡು ನಿಮಿಷ ಬಿಡಬೇಕು. ಹುಳಿಯೋ ಕ್ಷಾರವೋ ಎಂದು ಬಣ್ಣದಲ್ಲಿ ತೋರಿಸುವ ಪಿಎಚ್ ಕಾಗದವನ್ನೂ ಅಂಗಡಿಯಲ್ಲಿ ಇಟ್ಟಿದ್ದೇನೆ. ಏಳು ದಾಟಿ ಎಂಟರ ಒಳಗೆ ಇದ್ದರೆ ಸರಿ. ಒಂದು ಪುಸ್ತಕ ಕೊಂಡರೆ ಕೇರಿಗೆಲ್ಲ ಆಗುತ್ತದೆ, ಆದರೂ ತುತ್ತದ ದರದಲ್ಲಿ ಐದು ರೂಪಾಯಿಗೆ ಚೌಕಾಸಿ ಮಾಡಿದವರು ಇದನ್ನು ನೋಡಿ ‘ಇರಲಿ ಬಿಡಿ’ ಎನ್ನುತ್ತಾರೆ.

ಈ ನೀಲಿ ಔಷಧಿಗೆ ನಮ್ಮ ಸೀಮೆಯಲ್ಲಿ ನೂರು ವರ್ಷ ದಾಟಿದೆ. ಫ್ರಾನ್ಸಿನ ಬೋರ್ಡೋ ಊರಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ್ದನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆಗೆ ತಂದರು. ಮಲೆನಾಡಿನ ಮಳೆಗೆ ತೊಳೆದುಹೋಗದಿರಲೆಂದು ರಾಳ ಮತ್ತು ಸೋಡಾ ಕುದಿಸಿ ಅಂಟು ಸೇರಿಸುವ ಕ್ರಮವೂ ಆ ಕಾಲದ್ದೇ. ಈಗ ಅಂಟು ಸಣ್ಣ ಬಾಟಲಿಯಲ್ಲಿ ಬರುತ್ತದೆ. ಬಾಟಲಿಗಳು ಅದೊಂದೇ ಅಲ್ಲ. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗ ಬಂದ ಮೇಲೆ ಅದರ ಔಷಧಿಗಳಿಂದ ಕಪಾಟು ತುಂಬಿದೆ, ನನಗೆ ಲಾಭವಿರುವುದೂ ಅಲ್ಲೇ: ಕೂತಲ್ಲಿಂದ ಕೈ ಚಾಚಿ ಕೊಟ್ಟರೆ ಆಯಿತು. ಎಲೆಚುಕ್ಕೆಗೆ ಅವು ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಒಂದೇ ಖರ್ಚಿನಲ್ಲಿ ಮುಗಿಯಲಿ ಎಂದು ಅದನ್ನೂ ಬೋರ್ಡೋ ಡ್ರಮ್ಮಿಗೇ ಸುರಿಯುತ್ತೇನೆ ಎನ್ನುವವರಿಗೆ ಕೊಡಲು ಮನಸ್ಸು ಬರುವುದಿಲ್ಲ. ಸುಣ್ಣದ ಕ್ಷಾರದಲ್ಲಿ ಎಷ್ಟೋ ಔಷಧಿ ಕೆಡುತ್ತವೆ. ಬೇರೆ ದಿನ, ಬೇರೆ ಡ್ರಮ್ಮು.

ಮಧ್ಯಾಹ್ನ ಕಾರ್ಬನ್ ಫೈಬರ್ ಡೋಟಿಯ (ಉದ್ದ ಗಳುವಿನ) ಕೊಂಡಿ, ಪೈಪು ಕೇಳಿಕೊಂಡು ಹುಡುಗರು ಬರುತ್ತಾರೆ. ಮರ ಹತ್ತದೆ ನೆಲದ ಮೇಲೆ ನಿಂತು ಅರವತ್ತು ಅಡಿ ಎತ್ತರಕ್ಕೆ ಹೊಡೆಯಬಹುದು, ಕೊನೆಗಾರರು ಸಿಗದ ಕಾಲಕ್ಕೆ ಇದು ದೊಡ್ಡ ಉಪಕಾರ. ಆದರೆ ಕಾರ್ಬನ್ ವಿದ್ಯುತ್ ಹರಿಸುತ್ತದೆ. ತೋಟದ ಮೇಲೆ ಲೈನು ಹಾದಿದೆಯೇ ಎಂದು ಕೇಳದೆ ನಾನು ಬಿಲ್ ಬರೆಯುವುದಿಲ್ಲ. ವಯಸ್ಸಿನ ಜೊತೆ ಬಂದ ಕೆಟ್ಟ ಚಾಳಿ ಎಂದು ಹುಡುಗರು ನಗುತ್ತಾರೆ, ನಗಲಿ.

ಸಂಜೆಗೆ ಖಾತೆ ಪುಸ್ತಕ. ಹೊಳವಾದ ದಿನದ ವ್ಯಾಪಾರದಲ್ಲಿ ಅರ್ಧಕ್ಕೂ ಹೆಚ್ಚು ಸಾಲದ ಬಾಬತ್ತು. ಫೋನಿನಲ್ಲಿ ದುಡ್ಡು ಹಾಕುವವರು ನಾಜಲಿಗೆ, ವಾಷರಿಗೆ ಹಾಕುತ್ತಾರೆ. ತುತ್ತದ್ದು ಅಡಿಕೆ ಕೊಯ್ದು, ಬೇಯಿಸಿ, ಒಣಗಿಸಿ ಶಿವಮೊಗ್ಗದ ಮಂಡಿಗೆ ಹೋದ ಮೇಲೆ. ಅಷ್ಟರಲ್ಲಿ ಸಂಕ್ರಾಂತಿ ಬಂದಿರುತ್ತದೆ. ಆ ಅಡಿಕೆ ಉಳಿದರೆ ನನ್ನ ದುಡ್ಡೂ ಉಳಿಯಿತು, ಹಾಗಾಗಿ ಸುಣ್ಣದ ಬಗ್ಗೆ ಇಷ್ಟು ಗಂಟಲು ಹರಿದುಕೊಳ್ಳುವುದು ಧರ್ಮಕ್ಕಲ್ಲ.

ಬಾಗಿಲು ಹಾಕುವ ಮೊದಲು ಸುಣ್ಣದ ಆರ್ಡರು ಹೇಳಬೇಕು. ಮಳೆಗಾಲದಲ್ಲಿ ವಾರಕ್ಕೆ ಆಗುವಷ್ಟೇ ತರಿಸುವುದು. ಐವತ್ತು ಕೆಜಿಯ ಚೀಲ ಸೊಂಟಕ್ಕೆ ಆಗಿಬರದೆ ಈಗ ಇಪ್ಪತ್ತೈದರದ್ದು, ಒಳಗೆ ಪ್ಲಾಸ್ಟಿಕ್ ಹಾಕಿ ಹೊಲಿದದ್ದು. ನೆಲದಿಂದ ಎತ್ತರದ ಕಲ್ಲುಹಾಸಿನ ಮೇಲೆ, ಸೋರುವ ಹಂಚಿನಿಂದ ದೂರ, ಗೋಣಿ, ಹುಲ್ಲು, ರಟ್ಟು ಯಾವುದೂ ಹತ್ತಿರ ಇಲ್ಲದಂತೆ ಇಡಬೇಕು. ಒಂದು ಚೀಲಕ್ಕೆ ನೀರು ಇಳಿದರೆ ಆ ಕಾವಿಗೆ ಬೆಂಕಿ ಹೊತ್ತಿಕೊಳ್ಳುವುದೂ ಉಂಟು. ಎತ್ತಿಡುವಾಗ ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸು. ಕಣ್ಣಿಗೆ ಹಾರಿತೆಂದರೆ ಉಜ್ಜದೆ, ಧಾರೆಯಾಗಿ ನೀರು ಬಿಟ್ಟು ತೊಳೆಯುತ್ತ ಆಸ್ಪತ್ರೆಗೆ ಓಡಬೇಕು.

ಹಳೇ ಸರಕಿನಲ್ಲಿ ಪುಡಿಯಾಗಿ ಸತ್ತದ್ದನ್ನು ಬೇರೆ ಚೀಲಕ್ಕೆ ತುಂಬಿ ‘ಮಣ್ಣಿಗೆ’ ಎಂದು ಬರೆದಿಡುತ್ತೇನೆ. ಬೋರ್ಡೋಗೆ ಬಾರದಿದ್ದರೂ ನಮ್ಮ ಕಡೆಯ ಹುಳಿ ಮಣ್ಣಿಗೆ ಅದು ಒಳ್ಳೆಯದೇ, ಮಳೆಗಾಲ ಮುಗಿದ ಮೇಲೆ ಅಡಿಕೆ ಬುಡಕ್ಕೆ ಹರಡಲು ಬರುತ್ತದೆ. ಅರ್ಧ ದರಕ್ಕೆ ಕೊಡುತ್ತೇನೆ. ಅದನ್ನು ಮಾತ್ರ ಯಾರೂ ಚೌಕಾಸಿ ಮಾಡದೆ ಒಯ್ಯುತ್ತಾರೆ.