ಸೋದರಿಯರು ಕಳುಹಿಸಿದ ಬೆಂಕಿ

ಹತ್ತನೆಯ ವಯಸ್ಸಿನಲ್ಲಿ ನಾನು ಒಂದು ಬೆಟ್ಟಕ್ಕೆ ಹೆದರಿದ್ದೆ. ಶಿವಮೊಗ್ಗದ ನಮ್ಮ ಮನೆಯಲ್ಲಿ ಅಣ್ಣ ತಂದ ಡಿವಿಡಿಗಳ ಮೂಲಕ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರದ ಮೂರೂ ಭಾಗಗಳನ್ನು ಒಂದೇ ಬೇಸಿಗೆ ರಜೆಯಲ್ಲಿ ನೋಡಿ ಮುಗಿಸಿದ್ದೆವು. ಉಂಗುರವನ್ನು ಎಸೆಯಬೇಕಾದ ಆ ಬೆಂಕಿಬೆಟ್ಟ ಪರದೆಯ ಮೇಲೆ ಕಾಣಿಸಿದಾಗಲೆಲ್ಲ ನಾನು ಅಣ್ಣನ ತೋಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಮುಂದೆ ಭೂವಿಜ್ಞಾನದ ಸ್ನಾತಕೋತ್ತರ ಓದಿಗೆಂದು ನ್ಯೂಜಿಲೆಂಡಿನ ಹ್ಯಾಮಿಲ್ಟನ್ ನಗರಕ್ಕೆ ಹೊರಟಾಗ ಅಣ್ಣ ಒಂದು ಹಿತ್ತಾಳೆಯ ಉಂಗುರವನ್ನು ನನ್ನ ಕೈಗಿತ್ತು, “ಬೆಟ್ಟಕ್ಕೆ ಹೋದಾಗ ಇದನ್ನು ಎಸೆದು ಬಾ ಪುಟ್ಟಿ” ಎಂದಿದ್ದ. ಈಸ್ಟರ್ ರಜೆ ಬಂದಾಗ ಇಬ್ಬರು ಸಹಪಾಠಿಗಳೊಡನೆ ಬಾಡಿಗೆ ಕಾರಿನಲ್ಲಿ ಹೊರಟೆ, ಉಂಗುರ ಚೀಲದಲ್ಲಿತ್ತು.

ಮೊದಲು ಹೋದದ್ದು ಹ್ಯಾಮಿಲ್ಟನ್ನಿಗೆ ಹತ್ತಿರದ ಮಟಮಟಾಕ್ಕೆ. ನಿರ್ದೇಶಕ ಪೀಟರ್ ಜಾಕ್ಸನ್ ಮತ್ತು ಅವರ ತಂಡದವರು 1998ರಲ್ಲಿ ವಿಮಾನದಲ್ಲಿ ಸುತ್ತಿ ಜಾಗ ಹುಡುಕುತ್ತಿದ್ದಾಗ, ಅಲ್ಲಿನ ಸುಮಾರು 1,250 ಎಕರೆಯ ಕುರಿ ಸಾಕಣೆಯ ಜಮೀನೊಂದು ಅವರ ಕಣ್ಣಿಗೆ ಬಿತ್ತು. ಸುತ್ತ ವಿದ್ಯುತ್ ಕಂಬಗಳಿಲ್ಲದೆ, ರಸ್ತೆಗಳಿಲ್ಲದೆ ಬರೀ ಹಸಿರು ದಿಬ್ಬಗಳೇ ಇದ್ದದ್ದು ಅವರಿಗೆ ಬೇಕಾದದ್ದೇ ಆಗಿತ್ತು. ಒಳಗೆ ಹೋಗುವ ದಾರಿಯನ್ನು ನ್ಯೂಜಿಲೆಂಡಿನ ಸೇನೆಯವರು ನಿರ್ಮಿಸಿಕೊಟ್ಟರು. ಚಿತ್ರೀಕರಣ ಮುಗಿದ ಮೇಲೆ ಕಿತ್ತು ಹಾಕುವ ಉದ್ದೇಶದಿಂದಲೇ, ಹಾಬಿಟ್ ಎಂಬ ಕುಳ್ಳ ಜನರ ಊರಾದ ಹಾಬಿಟನ್ನಿನ ಮೊದಲ ಸೆಟ್ಟನ್ನು ಪ್ಲೈವುಡ್ ಮತ್ತು ಥರ್ಮೋಕೋಲಿನಂಥ ಹಗುರ ವಸ್ತುಗಳಿಂದ ಕಟ್ಟಿದ್ದರು. ನಂತರದ ‘ಹಾಬಿಟ್’ ಚಿತ್ರಗಳಿಗಾಗಿ ಮತ್ತೆ ಕಟ್ಟುವಾಗ ಮಾತ್ರ ಅದು ಶಾಶ್ವತವಾಗಿ ಉಳಿಯಲೆಂದು ಗಟ್ಟಿ ಸಾಮಗ್ರಿಯನ್ನು ಬಳಸಿದರು, ಆದ್ದರಿಂದ ನಾವು ಇಂದು ನೋಡುವುದು ಈ ಎರಡನೆಯ ಹಾಬಿಟನ್ನನ್ನು.

ದುಂಡನೆಯ ಬಾಗಿಲುಗಳ ಮುಂದೆ ನಿಂತಾಗ ನನ್ನ ಗಮನ ಸೆಳೆದದ್ದು ಅವುಗಳ ಅಳತೆ. ಒಂದು ಬಾಗಿಲು ನನ್ನ ಭುಜಕ್ಕೂ ಬಾರದಷ್ಟು ಚಿಕ್ಕದಾದರೆ, ನಾಲ್ಕು ಹೆಜ್ಜೆ ಆಚೆಗಿನದು ನಾನು ಸ್ವಲ್ಪ ತಲೆ ಬಗ್ಗಿಸಿ ಹೋಗಬಹುದಾದಷ್ಟು ದೊಡ್ಡದು. ಮಾಂತ್ರಿಕ ಗ್ಯಾಂಡಾಲ್ಫ್ ಪಕ್ಕದಲ್ಲಿ ನಿಂತಾಗ ಆಳೆತ್ತರದವನಾಗಿ ಕಾಣಲೆಂದು ಚಿಕ್ಕ ಬಾಗಿಲು, ಹಾಬಿಟ್ ಪಾತ್ರಧಾರಿಗಳು ಕುಳ್ಳರಾಗಿ ಕಾಣಲೆಂದು ದೊಡ್ಡ ಬಾಗಿಲು. ಬಾಲ್ಯದಲ್ಲಿ ನಾನು ಕ್ಯಾಮೆರಾದ ಮಾಯೆಯೆಂದುಕೊಂಡಿದ್ದ ಸಂಗತಿಯ ಹಿಂದೆ ಇಂತಹ ಬಡಗಿಯ ಲೆಕ್ಕವೂ ಇತ್ತೆಂದು ತಿಳಿದಾಗ ಆ ಚಿತ್ರದ ಮೇಲಿನ ಗೌರವ ಇನ್ನಷ್ಟು ಹೆಚ್ಚಿತು. ಕಥಾನಾಯಕ ಹಾಬಿಟ್‌ನ ಬ್ಯಾಗ್ ಎಂಡ್ ಮನೆಯ ನೆತ್ತಿಯ ಮೇಲಿನ ಓಕ್ ಮರದ ಕಥೆಯೂ ಅಂಥದ್ದೇ. ಮೊದಲ ಚಿತ್ರಕ್ಕೆ ನಿಜವಾದ ಮರವೊಂದನ್ನು ಕೊಂಬೆ ಕೊಂಬೆಯಾಗಿ ಕತ್ತರಿಸಿ ತಂದು ಜೋಡಿಸಿ, ಅದಕ್ಕೆ ಕೃತಕ ಎಲೆಗಳನ್ನು ತಂತಿಯಿಂದ ಕಟ್ಟಿದ್ದರು. ಈಗಿನ ಮರವಂತೂ ಸಂಪೂರ್ಣ ಕೃತಕ. ಗಾಳಿ ಬೀಸಿದಾಗ ಅದರ ಎಲೆಗಳು ಅಲುಗಾಡುವುದನ್ನು ನಾವು ಮೂವರೂ ಮಾತಿಲ್ಲದೆ ನೋಡುತ್ತ ನಿಂತೆವು.

ಅಲ್ಲಿಂದ ದಕ್ಷಿಣಕ್ಕೆ, ರಾಜಧಾನಿ ವೆಲಿಂಗ್ಟನ್ನಿಗೆ. 1999ರ ಅಕ್ಟೋಬರ್ 11ರಂದು ಚಿತ್ರೀಕರಣದ ಮೊದಲ ದಿನದ ಕೆಲಸ ನಡೆದ ಮೌಂಟ್ ವಿಕ್ಟೋರಿಯಾ ಪೇಟೆಯ ಬೆನ್ನಿಗೇ ಇರುವ ಗುಡ್ಡ. ಕಪ್ಪು ಸವಾರನಿಂದ ತಪ್ಪಿಸಿಕೊಳ್ಳಲು ನಾಲ್ವರು ಹಾಬಿಟ್‌ಗಳು ಬೇರಿನ ಕೆಳಗೆ ಅವಿತುಕೊಳ್ಳುವ ದೃಶ್ಯ ಅಲ್ಲಿಯದು. ಆ ಬೇರು ಈಗಿಲ್ಲ. ಕಾಲುದಾರಿಯಲ್ಲಿ ಊರಿನವರು ನಾಯಿಗಳೊಡನೆ ಅಡ್ಡಾಡುತ್ತಿದ್ದರು. ನಗರದಿಂದ ಮುಕ್ಕಾಲು ಗಂಟೆ ದೂರದ ಕೈಟೋಕೆ ಉದ್ಯಾನದಲ್ಲಿ, ಚಿತ್ರದ ಎಲ್ಫ್ ಜನರ ನೆಲೆಯಾದ ರಿವೆಂಡೆಲ್ ನಿರ್ಮಾಣವಾಗಿತ್ತು. ಪ್ರವಾಸಿಗರಿಗಾಗಿ ಆಮೇಲೆ ನಿಲ್ಲಿಸಿದ ಒಂದು ಕಮಾನನ್ನು ಬಿಟ್ಟರೆ ಅಲ್ಲಿಯೂ ಚಿತ್ರದ ಕುರುಹಿಲ್ಲ. ಜರಿಗಿಡಗಳ ತೇವದ ವಾಸನೆ, ನದಿಯ ಸದ್ದು, ಪಾಚಿ ಹಿಡಿದ ಕಾಂಡಗಳು ನನಗೆ ಆಗುಂಬೆಯನ್ನು ನೆನಪಿಸಿದವು.

ಮರಳುವ ದಾರಿಯಲ್ಲಿ, ಕೊನೆಗೆ, ಆ ಬೆಟ್ಟ. ಚಿತ್ರದ ಬೆಂಕಿಬೆಟ್ಟವಾಗಿ ಕಾಣುವ ನೌರುಹೋಯಿಯ ಎತ್ತರ 2,287 ಮೀಟರ್; ಟೊಂಗರಿರೊ ಎಂಬ ವಿಶಾಲ ಜ್ವಾಲಾಮುಖಿ ಸಮೂಹದ ಅತ್ಯಂತ ಕಿರಿಯ ಶಂಕು ಅದು. ಈ ಶಿಖರಗಳನ್ನು ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಮುಖ್ಯಸ್ಥ ಹೊರೊನುಕು ಟೆ ಹ್ಯೂಹ್ಯೂ ಟುಕಿನೊ 1887ರಲ್ಲಿ ದೇಶಕ್ಕೆ ಒಪ್ಪಿಸಿದ್ದರಿಂದ ನ್ಯೂಜಿಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನ ರೂಪುಗೊಂಡಿತು. ಬೆಟ್ಟವನ್ನು ತಮ್ಮ ಪೂರ್ವಜನೆಂದು ಕಾಣುವ ಮಾವೋರಿಗಳಿಗೆ ಅದರ ತುದಿ ಪವಿತ್ರವಾದುದರಿಂದ ಅಲ್ಲಿ ಚಿತ್ರೀಕರಣ ನಡೆಯಲಿಲ್ಲ. ಇಳಿಜಾರಿನ ಹಲವು ದೃಶ್ಯಗಳನ್ನು ನೆರೆಯ ರುಆಪೆಹು ಬೆಟ್ಟದಲ್ಲಿ ತೆಗೆದರು. ಶಿಖರ ಹತ್ತಬೇಡಿ, ಕೆರೆಗಳ ನೀರನ್ನು ಮುಟ್ಟಬೇಡಿ ಎಂದು ಇಂದಿಗೂ ಚಾರಣಿಗರನ್ನು ಕೇಳಿಕೊಳ್ಳಲಾಗುತ್ತದೆ. ದೇವರಕಾಡಿನಲ್ಲಿ ಒಣಗಿದ ಕಡ್ಡಿಯನ್ನೂ ಎತ್ತಿಕೊಳ್ಳಬಾರದೆಂದು ಅಜ್ಜಿಯಿಂದ ಕೇಳುತ್ತ ಬೆಳೆದ ನನಗೆ ಇದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ.

ಬೆಟ್ಟದ ಕಥೆಯನ್ನು ನಾನು ತರಗತಿಯಲ್ಲಿ ಮೊದಲ ಬಾರಿಗೆ ಕೇಳಿದ್ದೆ. ನ್ಗಾಟೊರೊಇರಂಗಿ ಎಂಬ ಪುರೋಹಿತನು ಈ ಎತ್ತರಕ್ಕೆ ಬಂದಾಗ ದಕ್ಷಿಣದ ಗಾಳಿಗೆ ಸಿಕ್ಕಿ ಹೆಪ್ಪುಗಟ್ಟಿ ಸಾಯುವ ಸ್ಥಿತಿಗೆ ತಲುಪಿ, ಬೆಂಕಿ ಕಳುಹಿಸಿರೆಂದು ಮಾವೋರಿಗಳ ಮೂಲನೆಲವೆನ್ನುವ ದೂರದ ಹವಾಯಿಕಿಯಲ್ಲಿದ್ದ ತನ್ನ ಸೋದರಿಯರನ್ನು ಕೂಗಿ ಬೇಡಿದನಂತೆ. ಆ ಬೆಂಕಿ ನೆಲದಡಿಯಲ್ಲಿ ಹರಿದು ಬರುತ್ತ, ದಾರಿಯುದ್ದಕ್ಕೂ ಬಿಸಿನೀರಿನ ಬುಗ್ಗೆಗಳನ್ನು ಬಿಟ್ಟು, ಕಡೆಗೆ ಇಲ್ಲಿ ಹೊರಚಿಮ್ಮಿ ಅವನನ್ನು ಉಳಿಸಿತು. ಟೊಂಗರಿರೊ ಎಂಬ ಹೆಸರಿನಲ್ಲೇ ಆ ತೆಂಕಣ ಗಾಳಿಯಿದೆ.

ಚಾರಣದ ದಾರಿ ಸುಮಾರು 20 ಕಿಲೋಮೀಟರ್. ಬೆಳಗಿನ ಬಸ್ಸು ನಮ್ಮನ್ನು ಮಂಗಟೆಪೊಪೊ ತುದಿಯಲ್ಲಿ ಇಳಿಸಿದಾಗ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿತ್ತು. ಕಡಿದಾದ ಮೆಟ್ಟಿಲುಗಳನ್ನು ಏರಿದ ಮೇಲೆ ನೌರುಹೋಯಿ ಬಲಗಡೆಗೆ ಪೂರ್ತಿಯಾಗಿ ತೆರೆದುಕೊಂಡಿತು: ಕಪ್ಪು ಬೂದಿಯ, ಅಲ್ಲಲ್ಲಿ ಕೆಂಪು ಬಳಿದಂತಿದ್ದ, ಅಳತೆ ಹಾಕಿ ಕಡೆದಂಥ ಶಂಕು. ಅದು ಚಿತ್ರದ ಬೆಟ್ಟವೇ ಹೌದು, ಆದರೆ ಎಷ್ಟು ಹೊತ್ತು ನೋಡಿದರೂ ನನ್ನಲ್ಲಿ ಹಳೆಯ ಭಯ ಹುಟ್ಟಲಿಲ್ಲ. ಉಂಗುರವನ್ನು ಹೊರಗೆ ತೆಗೆದು ಒಮ್ಮೆ ನೋಡಿ ಮತ್ತೆ ಚೀಲಕ್ಕೆ ಹಾಕಿದೆ. ಇನ್ನೊಬ್ಬರ ಪೂರ್ವಜನ ಮೇಲೆ ಹಿತ್ತಾಳೆಯ ಚೂರನ್ನು ಎಸೆಯುವ ಹಕ್ಕು ನನಗಿರಲಿಲ್ಲ; ಅಣ್ಣನಿಗೆ ಇದನ್ನು ಹೇಳಿದರೆ ಅವನೂ ಒಪ್ಪುತ್ತಾನೆಂದು ಗೊತ್ತಿತ್ತು.

ಕೆಂಪು ಕುಳಿಯ ಅಂಚನ್ನು ದಾಟಿ ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಹಿಮ್ಮಡಿ ಊರುತ್ತ ಇಳಿಯುವಾಗ, ಕೆಳಗೆ ಖನಿಜಗಳಿಂದ ಬಣ್ಣ ಪಡೆದ ಪಚ್ಚೆ ಕೆರೆಗಳು ಹೊಳೆಯುತ್ತಿದ್ದವು, ಅವುಗಳ ಪಕ್ಕದ ಬಿರುಕುಗಳಿಂದ ಹಬೆ ಏಳುತ್ತಿತ್ತು. ದಕ್ಷಿಣದಿಂದ ಬೀಸುತ್ತಿದ್ದ ಗಾಳಿಗೆ ನನ್ನ ಬೆರಳುಗಳು ಮರಗಟ್ಟಿದ್ದವು. ದಾರಿಯ ಬದಿಯಲ್ಲಿ ಕುಳಿತು ಕೈಗವಸನ್ನು ತೆಗೆದು ಅಂಗೈಯನ್ನು ನೆಲಕ್ಕೆ ಒತ್ತಿದೆ. ಮಣ್ಣು ಬೆಚ್ಚಗಿತ್ತು.