ಮೂರು ಕೈಬರಹಗಳಿದ್ದ ಅರ್ಜಿ

ಅರ್ಜಿಯಲ್ಲಿ ಕೋರ್ಸಿನ ಆಯ್ಕೆಗೆಂದು ಐದು ಸಾಲುಗಳಿದ್ದವು. ಮೊದಲನೆಯ ಸಾಲನ್ನು ನೀಲಿ ಶಾಯಿಯಲ್ಲಿ, ದುಂಡನೆಯ ದೊಡ್ಡ ಅಕ್ಷರಗಳಲ್ಲಿ ಅಪ್ಪ ತುಂಬಿದ್ದರು. ಎರಡನೆಯದನ್ನೂ ಮೂರನೆಯದನ್ನೂ ಅಣ್ಣ ಕಪ್ಪು ಶಾಯಿಯಲ್ಲಿ ಅವಸರವಾಗಿ ಗೀಚಿದ್ದ. ನಾಲ್ಕನೆಯ ಸಾಲಿನಲ್ಲಿ ಪೆನ್ಸಿಲಿನಿಂದ ಏನನ್ನೋ ಬರೆದು, ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿ ಕಾಗದವೇ ಸವೆದು ತೆಳ್ಳಗಾಗಿತ್ತು. ಅರ್ಜಿ ಹಾಕಬೇಕಾದ ಹುಡುಗಿ ನನ್ನೆದುರು ಕುಳಿತಿದ್ದಳು. ಆ ಪೆನ್ಸಿಲಿನ ಗುರುತು ಮಾತ್ರ ಅವಳದು.

ಕಳೆದ ಆರು ವರ್ಷಗಳಿಂದ ಶನಿವಾರದ ಮಧ್ಯಾಹ್ನಗಳನ್ನು ನಾನು ಗ್ರಂಥಾಲಯವೊಂದರ ಮೂಲೆಯ ಮೇಜಿನಲ್ಲಿ ಕಳೆಯುತ್ತಿದ್ದೇನೆ. ಶಾಲೆ ಮುಗಿಸಿದವರು, ಕಾಲೇಜು ಅರ್ಧಕ್ಕೆ ಬಿಟ್ಟವರು, ಪದವಿ ಪಡೆದೂ ದಾರಿ ಕಾಣದವರು ಮುಂದಿನ ಓದು, ಉದ್ಯೋಗದ ಬಗ್ಗೆ ಸಲಹೆ ಕೇಳಲು ಅಲ್ಲಿಗೆ ಬರುತ್ತಾರೆ. ಅವರಿಗೆ ಮಾಹಿತಿಯ ಕೊರತೆಯಿದೆ ಎಂದು ಮೊದಲ ವರ್ಷ ನಾನು ನಂಬಿಕೊಂಡಿದ್ದೆ. ಆದ್ದರಿಂದ ಕೋರ್ಸುಗಳ ಪಟ್ಟಿ, ಪ್ರವೇಶ ಪರೀಕ್ಷೆಗಳ ದಿನಾಂಕ, ವಿದ್ಯಾರ್ಥಿವೇತನದ ನಿಯಮಗಳನ್ನು ಕಡತಗಳಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಅವೆಲ್ಲ ಬಂದವರ ಮೊಬೈಲಿನಲ್ಲಿ ಆಗಲೇ ಇದ್ದವು. ತಮ್ಮನ್ನೂ ತಾವಿರುವ ಪರಿಸ್ಥಿತಿಯನ್ನೂ ಬಲ್ಲ ಒಬ್ಬರು ಪಕ್ಕದಲ್ಲಿ ಕುಳಿತು, ಆ ರಾಶಿಯಲ್ಲಿ ತಮಗೆ ಸಲ್ಲುವುದು ಯಾವುದೆಂದು ಹೆಕ್ಕಲು ನೆರವಾಗಲಿ ಎಂಬುದಷ್ಟೇ ಅವರ ನಿರೀಕ್ಷೆಯಾಗಿತ್ತು.

ಈ ಅಗತ್ಯ ಹೊಸದೇನಲ್ಲ. 1908ರ ಜನವರಿಯಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬುವರು ಅಮೆರಿಕದ ಬಾಸ್ಟನ್ ನಗರದಲ್ಲಿ ಯುವಕರಿಗೆ ವೃತ್ತಿ ಸಲಹೆ ನೀಡುವ ಕಚೇರಿಯೊಂದನ್ನು ತೆರೆದರು. ವಲಸೆ ಬಂದ ದುಡಿಯುವ ಕುಟುಂಬಗಳ ನಡುವೆ ಕೆಲಸ ಮಾಡುತ್ತಿದ್ದ ಒಂದು ಸೇವಾಮನೆಯೇ ಆ ಕಚೇರಿಯ ನೆಲೆಯಾಗಿತ್ತು. ತನ್ನನ್ನು ತಾನು ಅರಿಯುವುದು, ಕೆಲಸಗಳ ಸ್ವರೂಪವನ್ನು ಅರಿಯುವುದು, ಇವೆರಡರ ನಡುವಣ ಸಂಬಂಧವನ್ನು ವಿವೇಚಿಸುವುದು ಎಂದು ಅವರು ಮೂರು ಹಂತಗಳನ್ನು ಹೇಳಿದ್ದರು. ಅದೇ ವರ್ಷ ಅವರು ತೀರಿಕೊಂಡರು. ಇಂದಿನ ವೃತ್ತಿ ಮಾರ್ಗದರ್ಶನದ ಬಹುಪಾಲು ಈಗಲೂ ಆ ಮೂರು ಹಂತಗಳ ಮೇಲೆಯೇ ನಿಂತಿದೆ. ನನ್ನ ಅನುಭವದಲ್ಲಿ ಅವುಗಳ ಜೊತೆಗೆ ನಾಲ್ಕನೆಯದೊಂದು ಬೇಕು. ಆಯ್ಕೆ ಮಾಡಿದ ದಾರಿಯಲ್ಲಿ ಆ ವ್ಯಕ್ತಿ ದಿನವೂ ನಡೆಯಬಲ್ಲನೇ ಎಂಬುದನ್ನು ಅರಿಯಬೇಕು. ಹತ್ತಿರದವರ ಸಲಹೆಗೆ ನಿಜವಾದ ಬೆಲೆ ಬರುವುದು ಇಲ್ಲಿಯೇ.

ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ಎರಡನೆಯ ವರ್ಷ ಬಂದ ಒಬ್ಬ ಹುಡುಗನಿಗೆ ಯಂತ್ರಗಳೆಂದರೆ ಪ್ರಾಣ. ಮನೆಯ ಕೆಟ್ಟ ಪಂಪನ್ನು ತಾನೇ ಬಿಚ್ಚಿ ಸರಿಪಡಿಸಿದ್ದನ್ನು ಹೇಳುವಾಗ ಅವನ ಬೆರಳುಗಳು ಮೇಜಿನ ಮೇಲೆಯೇ ನಟ್ಟು ತಿರುಗಿಸುತ್ತಿದ್ದವು. ಅವನ ಅಂಕಗಳಿಗೂ ಆಸಕ್ತಿಗೂ ಹೊಂದುವ ಡಿಪ್ಲೊಮಾ ಒಂದನ್ನು ನಾನು ಹುಡುಕಿಕೊಟ್ಟೆ, ಸೀಟು ಸಿಕ್ಕಿತು, ಎಲ್ಲರಿಗೂ ಸಂತೋಷವಾಯಿತು. ಮೂರನೆಯ ತಿಂಗಳಲ್ಲಿ ಅವನು ಓದು ಬಿಟ್ಟ. ಅವನ ಮನೆಯಿಂದ ಹೊರಡುವ ಮೊದಲ ಬಸ್ಸು ಕಾಲೇಜಿಗೆ ತಲುಪುವಷ್ಟರಲ್ಲಿ ಮೊದಲ ತರಗತಿ ಮುಗಿದಿರುತ್ತಿತ್ತು. ಪ್ರಯೋಗಾಲಯದ ಅವಧಿ ಇರುತ್ತಿದ್ದುದೂ ಆ ಹೊತ್ತಿಗೇ. ಹಾಜರಾತಿ ಕಡಿಮೆಯಾಯಿತು, ಅವಮಾನವಾಯಿತು, ಯಾರಿಗೂ ಹೇಳದೆ ಸುಮ್ಮನಾದ. ಬೆಳಿಗ್ಗೆ ಹೇಗೆ ಹೋಗುತ್ತೀಯ ಎಂಬ ಒಂದು ಪ್ರಶ್ನೆಯನ್ನು ನಾನು ಕೇಳಿದ್ದರೆ, ಅದೇ ಕೋರ್ಸಿನ ಮಧ್ಯಾಹ್ನದ ಪಾಳಿಗೆ ಅರ್ಜಿ ಹಾಕಿಸಬಹುದಾಗಿತ್ತು. ಆ ದಾರಿಯ ಬಸ್ಸಿನ ವೇಳೆ ಗ್ರಂಥಾಲಯದ ಕಾವಲುಗಾರರಿಗೂ ಗೊತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ನಾನು ದೂರದ ಕಡತಗಳನ್ನು ನಂಬಿ, ಬಾಗಿಲಲ್ಲೇ ಇದ್ದ ತಿಳಿವಳಿಕೆಯನ್ನು ಕೇಳದೇ ಹೋದೆ. ಆ ಹುಡುಗನ ನೆನಪು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆದರೆ ಹತ್ತಿರದವರ ಸಲಹೆಗೂ ಒಂದು ಮಿತಿಯಿದೆ, ಅದನ್ನು ಮುಚ್ಚಿಡಬಾರದು. ಮನೆಯವರು, ನೆಂಟರು, ಜೊತೆಯಲ್ಲಿ ಓದುವ ಗೆಳೆಯರು ಒಂದೇ ವಲಯದಲ್ಲಿ ಬದುಕುವುದರಿಂದ ಒಬ್ಬರಿಗೆ ಗೊತ್ತಿರುವುದೇ ಎಲ್ಲರಿಗೂ ಗೊತ್ತಿರುತ್ತದೆ, ಒಬ್ಬರಿಗೆ ಕಾಣದ್ದು ಯಾರಿಗೂ ಕಾಣುವುದಿಲ್ಲ. ಹಲವು ದೇಶಗಳ ಶಾಲಾ ಮಕ್ಕಳ ಕಲಿಕೆಯನ್ನು ಅಳೆಯುವ ಪಿಸಾ ಎಂಬ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ, 2018ರಲ್ಲಿ, 15 ವರ್ಷದ ಮಕ್ಕಳನ್ನು, 30ನೇ ವಯಸ್ಸಿನಲ್ಲಿ ಯಾವ ಕೆಲಸದಲ್ಲಿರುತ್ತೀರಿ ಎಂದು ಕೇಳಲಾಗಿತ್ತು. 41 ದೇಶಗಳ ಉತ್ತರಗಳನ್ನು ನೋಡಿದಾಗ ಹುಡುಗಿಯರಲ್ಲಿ ಶೇ 53ರಷ್ಟು ಮಂದಿ, ಹುಡುಗರಲ್ಲಿ ಶೇ 47ರಷ್ಟು ಮಂದಿ ಕೇವಲ ಹತ್ತು ಜನಪ್ರಿಯ ಉದ್ಯೋಗಗಳಲ್ಲಿ ಒಂದನ್ನು ಹೆಸರಿಸಿದ್ದರು. ಲೋಕದಲ್ಲಿ ಸಾವಿರಾರು ಬಗೆಯ ಕೆಲಸಗಳಿರುವಾಗ ಮಕ್ಕಳ ಕಣ್ಣಿಗೆ ಬೀಳುವುದು ಹತ್ತೇ ಎಂದರೆ, ಅದಕ್ಕೆ ಮಕ್ಕಳನ್ನು ದೂರಿ ಫಲವಿಲ್ಲ. ಕಂಡಿರದ ಕೆಲಸವನ್ನು ಯಾರು ತಾನೇ ಬಯಸಲು ಸಾಧ್ಯ?

ಈ ಗಂಟನ್ನು ಬಿಡಿಸಲು ನನಗೆ ನೆರವಾದದ್ದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಒಂದು ಲೇಖನ. ಬಾಸ್ಟನ್ನಿನ ಹೊರವಲಯದಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ಅವರು ಮಾತನಾಡಿಸಿದ್ದರು. ಸುಳಿವು ಕೊಟ್ಟ ವ್ಯಕ್ತಿಯನ್ನು ಆ ದಿನಗಳಲ್ಲಿ ಆಗಾಗ ಭೇಟಿಯಾಗುತ್ತಿದ್ದೆವು ಎಂದವರು ಶೇ 16.7 ಮಾತ್ರ. ಅಪರೂಪಕ್ಕೊಮ್ಮೆ ಎಂದವರು ಶೇ 27.8, ಇವೆರಡರ ನಡುವಿನವರು ಶೇ 55.6. ಆಪ್ತರಿಗಿಂತ ಅರೆಪರಿಚಿತರೇ ಹೊಸ ಬಾಗಿಲುಗಳನ್ನು ತೋರಿಸಿದ್ದರು. ಅಂದ ಮೇಲೆ ಯುವಜನರಿಗೆ ಬೇಕಾಗಿರುವುದು ಊರಿನಲ್ಲಿ ಹತ್ತಿರವಿದ್ದು ಮನೆಯ ವಲಯದಿಂದ ಹೊರಗಿರುವ ಜನ. ನಡೆದು ಹೋದರೆ ಸಿಗುವಷ್ಟು ಸಮೀಪದಲ್ಲಿದ್ದರೂ ಇದುವರೆಗೆ ಮಾತನಾಡಿಸುವ ಸಂದರ್ಭವೇ ಬಾರದವರು. ಅಂಥವರನ್ನೂ ಯುವಜನರನ್ನೂ ಎದುರುಬದುರು ಕೂರಿಸುವುದೇ ಸಲಹಾ ಕೇಂದ್ರದ ಮುಖ್ಯ ಕೆಲಸ ಎಂದು ನಾನು ಈಗ ದೃಢವಾಗಿ ನಂಬಿದ್ದೇನೆ. ಆದ್ದರಿಂದ ನನ್ನ ಮೇಜಿನ ಮೇಲೆ ಕಡತಗಳ ಬದಲು ಒಂದು ನೋಟ್‌ಬುಕ್ ಇದೆ. ನಡಿಗೆಯ ದೂರದಲ್ಲಿ ಕೆಲಸ ಮಾಡುವ ನಲವತ್ತಮೂರು ಜನರ ವಿವರ ಅದರಲ್ಲಿದೆ: ಭೂಮಾಪಕರು, ಶ್ರವಣ ಪರೀಕ್ಷಕರು, ಲಿಫ್ಟ್ ದುರಸ್ತಿ ಮಾಡುವವರು, ಲೆಕ್ಕ ಪರಿಶೋಧಕರು, ಸಸಿ ಬೆಳೆಸುವವರು. ತಮ್ಮ ಕೆಲಸದ ಜಾಗದಲ್ಲಿ ಅರ್ಧ ದಿನ ಒಬ್ಬ ಯುವಕನನ್ನೋ ಯುವತಿಯನ್ನೋ ಕೂರಿಸಿಕೊಳ್ಳಲು ಅವರು ಒಪ್ಪಿದ್ದಾರೆ. ಬೇಡವೆಂದವರು ತೀರ ಕಡಿಮೆ. ತಮ್ಮ ಕೆಲಸವನ್ನು ಆಸಕ್ತಿಯಿಂದ ನೋಡುವವರು ಸಿಕ್ಕರೆ ಯಾರಿಗೆ ಹಿತವೆನಿಸದು?

ಇಂಥ ನೆರವು ವೈಯಕ್ತಿಕ ಉತ್ಸಾಹವನ್ನೇ ನೆಚ್ಚಿಕೊಂಡಿರಬಾರದು ಎಂಬುದು ನಿಜ. ಫಿನ್ಲೆಂಡಿನಲ್ಲಿ ಓಹ್ಯಾಮೊ ಎಂಬ ಕೇಂದ್ರಗಳಿವೆ. 30 ವರ್ಷದೊಳಗಿನ ಯಾರೇ ಆದರೂ ಮುಂಚಿತವಾಗಿ ಸಮಯ ಗೊತ್ತುಮಾಡಿಕೊಳ್ಳದೆ ಅಲ್ಲಿಗೆ ಹೋಗಬಹುದು. ಓದು, ಉದ್ಯೋಗ, ವಸತಿ, ಆರೋಗ್ಯದ ಪ್ರಶ್ನೆಗಳಿಗೆ ಒಂದೇ ಸೂರಿನಡಿ ನೆರವು ಸಿಗುತ್ತದೆ. ಐರೋಪ್ಯ ಒಕ್ಕೂಟದ ದೇಶಗಳು 2013ರಲ್ಲಿ ಒಂದು ಕಾಲಮಿತಿಯನ್ನೇ ಹಾಕಿಕೊಂಡವು: ಓದು ಮುಗಿದ ಅಥವಾ ಕೆಲಸ ಹೋದ ನಾಲ್ಕು ತಿಂಗಳೊಳಗೆ ಯುವಜನರಿಗೆ ಉದ್ಯೋಗ, ಮುಂದಿನ ಓದು ಅಥವಾ ತರಬೇತಿಯ ಅವಕಾಶವೊಂದು ದೊರೆಯಬೇಕು. ಈ ಮಾತು ಎಲ್ಲೆಡೆ ಸಮನಾಗಿ ಈಡೇರಿಲ್ಲ. ಆದರೂ ಕಾಲಮಿತಿಯ ಹಿಂದಿನ ಕಾಳಜಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ಎರಡು ತಿಂಗಳು ಖಾಲಿ ಕುಳಿತವರು ಇನ್ನೂ ಪ್ರಶ್ನೆ ಕೇಳುತ್ತಾರೆ, ಒಂದು ವರ್ಷ ಕುಳಿತವರು ಕೇಳುವುದನ್ನೇ ಬಿಟ್ಟಿರುತ್ತಾರೆ. ಅವರನ್ನು ಮತ್ತೆ ಮಾತಿಗೆಳೆಯಲು ನನಗೆ ಕೆಲವೊಮ್ಮೆ ಐದಾರು ಶನಿವಾರಗಳು ಬೇಕಾಗಿವೆ.

ತಂದೆತಾಯಿಯರ ಬಗ್ಗೆಯೂ ಒಂದು ಮಾತು. ಅರ್ಜಿಯ ಮೊದಲ ಸಾಲನ್ನು ತಾವೇ ತುಂಬುವವರನ್ನು ನಾನು ದೂರುವುದಿಲ್ಲ. ಅವರ ಭಯ ಸುಳ್ಳಲ್ಲ, ಖರ್ಚು ಹೊರುವವರೂ ಅವರೇ. ಅವರನ್ನು ಹೊರಗಿಟ್ಟು ಕೊಟ್ಟ ಸಲಹೆ ಮನೆಯ ಹೊಸ್ತಿಲು ದಾಟುವುದಿಲ್ಲ.

ಆ ಹುಡುಗಿಯ ಅಪ್ಪನನ್ನೂ ನಾನು ಮುಂದಿನ ಶನಿವಾರ ಬರಹೇಳಿದೆ, ಅವರು ಬಂದರು. ಪೆನ್ಸಿಲಿನಲ್ಲಿ ಅಳಿಸಿಹೋದದ್ದು ಏನೆಂದು ಕೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, "ಲ್ಯಾಬ್ ಟೆಕ್ನಿಷಿಯನ್" ಎಂದಳು. ನೋಟ್‌ಬುಕ್ಕಿನಲ್ಲಿದ್ದ ಒಂದು ರೋಗಪರೀಕ್ಷಾ ಪ್ರಯೋಗಾಲಯಕ್ಕೆ ಎರಡು ಬೆಳಿಗ್ಗೆ ಹೋಗಿ ಬಂದಳು. "ಅಲ್ಲಿನ ವಾಸನೆ ನನಗೆ ಒಗ್ಗಲಿಲ್ಲ ಮೇಡಂ. ಆದರೆ ಪ್ರತಿಯೊಂದು ಮಾದರಿಗೂ ಸಂಖ್ಯೆ ಕೊಟ್ಟು, ಯಾರದ್ದು ಯಾರಿಗೂ ಅದಲುಬದಲಾಗದ ಹಾಗೆ ಬರೆದಿಡುತ್ತಾರಲ್ಲ, ಅದನ್ನು ನೋಡುತ್ತಾ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ" ಎಂದಳು. ಆಸ್ಪತ್ರೆಯ ದಾಖಲೆಗಳ ನಿರ್ವಹಣೆಯನ್ನೇ ಕಲಿಸುವ ಕೋರ್ಸುಗಳಿವೆ ಎಂದು ಹೇಳಿದಾಗ ಅಪ್ಪನಿಗೂ ಮಗಳಿಗೂ ಒಟ್ಟಿಗೇ ಅಚ್ಚರಿಯಾಯಿತು. ಅಪ್ಪ ತಮ್ಮ ಜೇಬಿನ ಪೆನ್ನನ್ನು ಅವಳ ಮುಂದಿಟ್ಟರು. ಹೊಸ ಅರ್ಜಿಯ ನಾಲ್ಕು ಸಾಲುಗಳನ್ನು ಅವಳು ಅಲ್ಲಿಯೇ ತುಂಬಿದಳು. ಕೊನೆಯ ದಿನಾಂಕಕ್ಕೆ ಇನ್ನೂ ಒಂಬತ್ತು ದಿನಗಳಿದ್ದವು. ಐದನೆಯ ಸಾಲಿಗೆ ಮೊದಲು ಇನ್ನೊಂದು ಕೆಲಸದ ಜಾಗವನ್ನು ನೋಡಿ ಬರುತ್ತೇನೆಂದು ಹೇಳಿ, ಅದನ್ನು ಖಾಲಿ ಬಿಟ್ಟು, ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.